ಪುಕ್ಕಟೆ ಸೀಟು ಎರಡು

ಪೆನಿ ಮಾಡಿದ ತಪ್ಪು ಒಂದೇ. ಮನೆಯ ಗುಟ್ಟನ್ನು ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತು ಹೇಳಿದ.

ನೆಯಾಫು ಬಂದರಿನ ದೋಣಿ ಕಚೇರಿಯಲ್ಲಿ ಕೂತು ಅವನು ಸಾವಿರಾರು ಪರದೇಶದವರಿಗೆ ತಿಮಿಂಗಿಲ ನೋಡುವ ಟಿಕೆಟು ಹರಿದುಕೊಟ್ಟಿದ್ದ. ಹೆಂಡತಿ ಲೋಸೆಗೆ ಮಾತ್ರ, ತಿಮಿಂಗಿಲ ತೋರಿಸುತ್ತೇನೆಂದು ಮದುವೆಯ ದಿನ ಕೊಟ್ಟ ಮಾತು ಮಾತಾಗಿಯೇ ಉಳಿದಿತ್ತು. ಈ ಶನಿವಾರಕ್ಕೆ ಯಜಮಾನರು ಎರಡು ಸೀಟು ಪುಕ್ಕಟೆ ಕೊಟ್ಟಿದ್ದರು. ಮರುದಿನ ಭಾನುವಾರ, ಪ್ರಾರ್ಥನೆಯ ದಿನ, ದೋಣಿಯ ಹಗ್ಗ ಬಿಚ್ಚುವಂತಿಲ್ಲ. ಆಮೇಲೆ ತಿಮಿಂಗಿಲಗಳೇ ಇರುವುದಿಲ್ಲ, ದಕ್ಷಿಣಕ್ಕೆ ಹೊರಟುಬಿಡುತ್ತವೆ.

ಬ್ರೆಡ್ಡು ಮನೆ ತಲುಪುವ ಮೊದಲೇ ಸುದ್ದಿ ಕಲೊಲೈನೆ ಅತ್ತೆಯ ಮನೆ ತಲುಪಿತು. ಅತ್ತೆಯೆಂದರೆ ಪೆನಿಯ ಅಪ್ಪನ ಅಕ್ಕ. ಸೋದರತ್ತೆ ಕೇಳಿದ್ದನ್ನು ಇಲ್ಲವೆನ್ನುವ ಗಂಡಸು ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಪೆನಿಯ ಎರಡು ಹಂದಿ, ಒಂದು ಹೊಸ ಚಾಪೆ ಈಗಾಗಲೇ ಹೀಗೆ ಅತ್ತೆಮನೆ ಸೇರಿದ್ದವು.

ಶನಿವಾರ ಬೆಳಿಗ್ಗೆ ಅತ್ತೆ ಟೋಪಿ ಹಾಕಿಕೊಂಡೇ ಬಂದರು. ಲೋಸೆ ಇನ್ನೊಂದು ಸಲ ಹೋದರಾಯಿತು, ಈಗ ನಾವಿಬ್ಬರು ಹೋಗೋಣ ಎಂದರು. ಲೋಸೆ ಹಿತ್ತಲಲ್ಲಿದ್ದಳು. ಪೆನಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಅವಳು ಬಸುರಿ ಅತ್ತೆ. ಬಸುರಿ ಬಯಕೆ, ಇಲ್ಲ ಅನ್ನೋಕಾಗುತ್ತಾ?"

ಅತ್ತೆ ಅವನನ್ನು ತಬ್ಬಿಕೊಂಡು ಕಣ್ಣೀರು ಹಾಕಿದರು. ಆಮೇಲೆ ಕಣ್ಣೊರೆಸಿಕೊಂಡು, "ಬಸುರೀನ ದೋಣೀಲಿ ಕುಲುಕಿಸ್ತೀಯೇನೋ? ಅವಳ ಜೊತೆ ನೀನೂ ಮನೇಲಿರು. ಎರಡೂ ಟಿಕೆಟ್ ಇತ್ಲಾಗ್ ಕೊಡು" ಎಂದರು. ಎರಡನೆಯ ಸೀಟಿಗೆ ಪಾದ್ರಿಯ ಹೆಂಡತಿ ಬೇಲಿಯ ಬಳಿ ತಯಾರಾಗಿ ನಿಂತೇ ಇದ್ದರು.

ದೋಣಿ ಬಂದರು ದಾಟುವಷ್ಟರಲ್ಲಿ ಬಸುರಿನ ಸುದ್ದಿ ಕೇಳಿ ನೆರೆಹೊರೆಯೆಲ್ಲ ಅಂಗಳಕ್ಕೆ ಬಂತು. ಒಬ್ಬಳು ಲೋಸೆಯ ಕೈಯಿಂದ ಪೊರಕೆ ಕಸಿದು ಪೆನಿಗೆ ಕೊಟ್ಟಳು. ಇನ್ನೊಬ್ಬಳು ಬಟ್ಟೆಯ ಬುಟ್ಟಿಯನ್ನು ಅವನತ್ತ ನೂಕಿದಳು. ಎದುರುಮನೆಯ ಅಜ್ಜ, ತಂದೆಯಾಗುವವನು ಸೌದೆ ಒಡೆಯಬೇಕೆಂದು ಕೊಡಲಿ ತಂದರು. ಮಧ್ಯಾಹ್ನದ ಹೊತ್ತಿಗೆ ಪೆನಿ ಹಿಂಡಿ ಹರವಿದ ಬಟ್ಟೆಯಂತಾಗಿದ್ದ. ಲೋಸೆ ಮಾತ್ರ ಅವನನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ಸೌದೆಯೇ ಹಗುರ.

ಸಂಜೆ ಎಲ್ಲರೂ ಹೋದ ಮೇಲೆ ಅವನು ತಪ್ಪೊಪ್ಪಿಕೊಂಡ.

"ನಿನ್ನ ಸೀಟು ಉಳಿಸೋಕೆ ಸುಳ್ಳು ಹೇಳ್ದೆ ಕಣೆ."

"ಸುಳ್ಳಾ?" ಲೋಸೆ ಕಣ್ಣರಳಿಸಿದಳು. "ಮೊನ್ನೆ ನರ್ಸ್ ಹತ್ರ ಹೋಗಿದ್ದೆ. ದೋಣೀಲಿ ನಿಂಗೆ ಹೇಳೋಣ ಅಂತಿದ್ದೆ. ಇವನಿಗೆ ಯಾರು ಹೇಳಿದ್ರಪ್ಪಾ ಅಂತ ಬೆಳಗ್ಗಿಂದ ತಲೆ ಕೆಡಿಸ್ಕೊಂಡಿದೀನಿ."

ಪೆನಿ ಒಡೆದ ಸೌದೆಯ ಮೇಲೆ ಕುಳಿತ. ನಗು ಬಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಂದರು. ಟೋಪಿಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ನಾಲ್ಕು ತಿಮಿಂಗಿಲ ಕಂಡರಂತೆ, ಒಂದಂತೂ ಮರಿಯ ಜೊತೆ ದೋಣಿಯ ಪಕ್ಕಕ್ಕೇ ಬಂದಿತಂತೆ. ಮಗುವಿಗೆ ಹೆಸರಿಡುವುದು ಮನೆಯ ಹಿರಿಯ ಸೋದರತ್ತೆಯ ಹಕ್ಕು. ಅದನ್ನು ಅಲ್ಲೇ ಚಲಾಯಿಸಿ, ಪಾದ್ರಿಯ ಹೆಂಡತಿಯಿಂದ ಪ್ರಾರ್ಥನೆಯನ್ನೂ ಮಾಡಿಸಿ ಬಂದಿದ್ದರು.

"ಗಂಡಾಗ್ಲಿ ಹೆಣ್ಣಾಗ್ಲಿ, ಹೆಸರು ತಿಮಿಂಗಿಲ" ಎಂದರು. ಆಮೇಲೆ ಪೆನಿಯ ಮುಖ ನೋಡಿ ಅವರಿಗೇ ಪಾಪವೆನ್ನಿಸಿತು.

"ನೋಡೋಕಾಗ್ಲಿಲ್ಲ ಅಂತ ಕೊರಗಬೇಡ್ವೋ. ಇನ್ನು ಮನೇಲೇ ದಿನಾ ನೋಡ್ತೀಯಲ್ಲ."