ಹನ್ನೆರಡು ಮಂದಿಗೆ ಅವಲಕ್ಕಿ

ಮಷಿನಿಸ್ಟ್ ಐಟಿಐ ಮುಗಿಸಿ, ವಿಜಯಪುರದ ಕಡೆಯಿಂದ ಮಹಾರಾಷ್ಟ್ರದ ಕುಪವಾಡ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಬಂದಾಗ, ನನ್ನ ಎಂಜಿನಿಯರಿಂಗ್ ಭವಿಷ್ಯದ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಅರ್ಜಿಯಲ್ಲಿ ‘ಮರಾಠಿ ಜ್ಞಾನ’ ಎಂಬಲ್ಲಿ ‘ಉತ್ತಮ’ ಎಂದು ಬರೆದೆ. ನನಗೆ ಬರುತ್ತಿದ್ದುದು ಬಸ್ ಕಂಡಕ್ಟರ್ ಜೊತೆ ಜಗಳವಾಡುವಷ್ಟು ಮರಾಠಿ. ಅದೂ ಅವನೇ ಮೊದಲು ಶುರು ಮಾಡಿದರೆ.

ನಮ್ಮ ಫೋರಮನ್ ಬೀರು ಕಾಕಾ. ಮಿತಭಾಷಿ. ಅವರ ಅರ್ಧ ಮಾತನ್ನು ಲೇಥ್ ಮಷಿನ್ನಿನ ಸದ್ದು ನುಂಗುತ್ತಿತ್ತು, ಉಳಿದ ಅರ್ಧವನ್ನು ನನ್ನ ‘ಉತ್ತಮ’ ಮರಾಠಿ. ತಿಳಿಯದಿದ್ದಾಗ ‘ಹೋ ಕಾಕಾ’ ಎಂದು ತಲೆಯಾಡಿಸುತ್ತಿದ್ದೆ. ಹನ್ನೊಂದು ತಿಂಗಳು ಹೀಗೇ ಸಾಗಿತು. ಇನ್ನೊಂದು ತಿಂಗಳಿಗೆ ನನ್ನನ್ನು ಕೆಲಸಕ್ಕೆ ಕಾಯಂ ಮಾಡಬೇಕೋ ಊರಿಗೆ ಕಳಿಸಬೇಕೋ ಎಂದು ವರ್ಕ್‌ಶಾಪಿನ ಮಾಲೀಕ ಸಾಹೇಬರು ತೀರ್ಮಾನಿಸುವವರಿದ್ದರು.

ಆಗ ನಮ್ಮ ಕೈಯಲ್ಲಿದ್ದುದು ಸಾಂಗ್ಲಿಯ ಒಂದು ಅರಿಶಿನ ಕಾರ್ಖಾನೆಯ ಕೆಲಸ. ಪೈಪು ಜೋಡಿಸುವ ಹದಿನಾರು ಕಬ್ಬಿಣದ ಬಿಲ್ಲೆಗಳಿಗೆ ತೂತು ಕೊರೆದು ಕೊಡಬೇಕಿತ್ತು. ಹತ್ತು ಮುಗಿದಿದ್ದವು. ಸಂಜೆ ಹೊರಡುವಾಗ ಕಾಕಾ, ಮಷಿನ್ನಿನ ಸದ್ದಿನ ನಡುವೆ ನನ್ನ ಕಿವಿಯ ಬಳಿ ಬಂದು, “ಉದ್ಯಾ ಪಾವಣೇ ಬಾರಾಲಾ ಗಾಡಿ ಯೇಣಾರ. ಸಗಳಂ ತಯಾರ ಠೇವ” ಎಂದರು. ಬೆಳಿಗ್ಗೆ ತಾವು ಮತ್ತು ಸಾಹೇಬರು ಕೊಲ್ಲಾಪುರಕ್ಕೆ ಹೋಗಿ ಬರುವುದಾಗಿಯೂ ಹೇಳಿದರು. ಉಳಿದ ಇಬ್ಬರು ಕೆಲಸಗಾರರು ಮದುವೆಯ ರಜೆಯಲ್ಲಿದ್ದರು. ಅಂದರೆ ಇಡೀ ವರ್ಕ್‌ಶಾಪಿಗೆ ನಾನೇ ಅಧಿಪತಿ.

ಪಾವಣೇ ಎಂದರೆ ಬೀಗರು, ಅತಿಥಿಗಳು. ಮಿರಜಿನಲ್ಲಿ ನನ್ನ ಕೋಣೆಯ ಮಾಲಕಿ ಮಾವಶಿ ತಮ್ಮ ಕನ್ನಡದಲ್ಲಿ ದಿನಾ ಬೆರೆಸುವ ಶಬ್ದ. ಬಾರಾ ಎಂದರೆ ಹನ್ನೆರಡು. ನಾಳೆ ಗಾಡಿ ಮಾಡಿಕೊಂಡು ಹನ್ನೆರಡು ಅತಿಥಿಗಳು ಬರುತ್ತಾರೆ, ಎಲ್ಲ ತಯಾರಿಡು. ಇದಕ್ಕಿಂತ ಸ್ಪಷ್ಟ ಮರಾಠಿ ಇನ್ನೇನಿದೆ?

ಮನೆಗೆ ಬಂದು ಮಾವಶಿಗೆ ಹೇಳಿದೆ. “ಹನ್ನೆರಡ ಮಂದಿ ಪಾವಣ್ಯಾರ ಬರಾವ್ರ ಅಂದ್ರ ಬರೇ ಚಾ ಕೊಟ್ರ ಮರ್ಯಾದಿ ಅಲ್ಲವಾ, ಅವಲಕ್ಕಿ ಮಾಡೂಣು” ಎಂದರು. ಬೆಳಿಗ್ಗೆ ನಾನು, ಒಂದು ದೊಡ್ಡ ಪಾತ್ರೆ ಅವಲಕ್ಕಿ ಮತ್ತು ಚಹಾದ ಕೆಟಲ್ ಒಂದೇ ಆಟೋದಲ್ಲಿ ಕುಪವಾಡ ತಲುಪಿದೆವು. ಕುಳಿತುಕೊಳ್ಳಲು ಜಾಗ ಸಿಕ್ಕಿದ್ದು ಅವಲಕ್ಕಿಗೆ ಮಾತ್ರ.

ಉಳಿದ ಆರು ಬಿಲ್ಲೆಗಳು ನನ್ನ ಮುಖ ನೋಡುತ್ತಿದ್ದವು. ಆದರೆ ಅತಿಥಿಗಳ ಕಾಲಿಗೆ ಕಬ್ಬಿಣದ ಚೂರು ಚುಚ್ಚಿದರೆ? ಮಷಿನ್ ಬಂದ್ ಮಾಡಿದೆ. ನೆಲ ತೊಳೆದೆ. ರಂಗೋಲಿ ಹಾಕಿದೆ. ಪಕ್ಕದ ವರ್ಕ್‌ಶಾಪಿನಿಂದ ಹನ್ನೆರಡು ಕುರ್ಚಿ ಬೇಡಿ ತಂದು ಡ್ರಿಲ್ಲಿಂಗ್ ಮಷಿನ್ನಿಗೆ ಎದುರಾಗಿ ಸಾಲಾಗಿ ಇಟ್ಟೆ. ಮುಖ್ಯ ಅತಿಥಿಗೆಂದು ಚೆಂಡುಹೂವಿನ ಹಾರವೂ ಬಂತು.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಒಂದು ಟೆಂಪೋ ಬಂದು ನಿಂತಿತು. ಇಳಿದವನು ಡ್ರೈವರ್ ಒಬ್ಬನೇ. ಮುಂದಾಗಿ ಬಂದವರೇ ಮುಖ್ಯ ಅತಿಥಿ ಎಂದು ಹಾರ ಹಾಕಿ, ಕುಂಕುಮವಿಟ್ಟು, ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಆತ ಎರಡು ಸಲ ಹಿಂದೆ ತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕುಳಿತ. ಅವಲಕ್ಕಿ ಕೊಟ್ಟೆ. ತಿಂದ. ಉಳಿದ ಹನ್ನೊಂದು ಎಲ್ಲಿ ಎಂದು ನನ್ನ ಮರಾಠಿಯಲ್ಲಿ ವಿಚಾರಿಸಿದೆ.

ಹನ್ನೊಂದಲ್ಲ, ಹದಿನಾರು ಎಂದ. ತನಗೆ ಫೋನಿನಲ್ಲಿ ಹಾಗೇ ಹೇಳಿದ್ದಾರಂತೆ.

ಹದಿನಾರು ಮಂದಿ! ಪಕ್ಕದವರ ಬಳಿ ಓಡಿ ಮತ್ತೆ ಕುರ್ಚಿ ತಂದೆ, ತಟ್ಟೆಗಳಲ್ಲಿ ಬಡಿಸಿಟ್ಟಿದ್ದ ಅವಲಕ್ಕಿಯಿಂದ ಒಂದೊಂದು ಚಮಚ ವಾಪಸ್ ತೆಗೆಯತೊಡಗಿದೆ. ಆ ಹೊತ್ತಿಗೆ ಸಾಹೇಬರ ಕಾರು ಬಂತು. ಹದಿನಾರು ಕುರ್ಚಿಗಳ ನಡುವೆ ಹಾರ ಹಾಕಿಕೊಂಡು ಕುಳಿತವನನ್ನು ಕಂಡ ಸಾಹೇಬರು, ಯಾರೋ ದೊಡ್ಡ ಗಿರಾಕಿ ಇರಬೇಕೆಂದು ಕೈಮುಗಿದರು. ಡ್ರೈವರನೂ ಗಂಭೀರವಾಗಿ ಕೈಮುಗಿದ.

ಬೀರು ಕಾಕಾ ಮಾತ್ರ ತೂತಿಲ್ಲದ ಆರು ಬಿಲ್ಲೆಗಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ತಡವರಿಸುತ್ತ ಹನ್ನೆರಡು ಪಾವಣೇರ ಕಥೆ ಹೇಳಿದೆ. ಅವರು ಹಣೆ ಹಿಡಿದುಕೊಂಡು ಕುರ್ಚಿಯೊಂದರಲ್ಲಿ ಕುಸಿದರು.

“ಪಾವಣೇ ಬಾರಾ ಅಂದ್ರ ಮಂದಿ ಅಲ್ಲವಾ ತಂಗಿ, ತಾಸು. ಹನ್ನೆರಡಕ್ಕ ಕಾಲ ತಾಸು ಕಮ್ಮಿ. ಹನ್ನೊಂದೂ ಮುಕ್ಕಾಲು.”

ಹೇಳಿದ್ದು ಕನ್ನಡದಲ್ಲಿ. ಅಚ್ಚ ನಮ್ಮ ಕಡೆಯ ಕನ್ನಡ.

“ಕಾಕಾ, ನಿಮಗ ಕನ್ನಡ ಬರ್ತೈತೇನ್ರಿ?”

“ನಾವು ಗಡಿಯಾಗಿನ ಜತ್ತ ಕಡೀ ಕುರಿ ಕಾಯೂ ಮಂದಿ. ನಮ್ಮವ್ವ ಸಾಯೂತನಕ ಬ್ಯಾರೆ ಭಾಷಾನ ಆಡ್ಲಿಲ್ಲ. ನೀ ಅರ್ಜಿದಾಗ ಮರಾಠಿ ಉತ್ತಮ ಅಂತ ಬರ್ದಿದ್ದಿ. ಕನ್ನಡ ಮಾತಾಡಿದ್ರ ಈ ಹುಡುಗಿಗಿ ಕಮೀಪಣಾ, ಅಪಮಾನ ಆಗತದೇನೋ ಅಂತ ಸುಮ್ಮಿದ್ದೆ.”

ನಾಚಿಕೆಗೂ ನಗುವಿಗೂ ಸಮಯವಿರಲಿಲ್ಲ. ಅತ್ತ ಈ ಬಿಲ್ಲೆಗಳಿಗಾಗಿ ಅರಿಶಿನ ಕಾರ್ಖಾನೆ ನಿಂತಿತ್ತು. ಮಷಿನ್ ಚಾಲೂ ಮಾಡಿದೆ. ಕಾಕಾ ಪಕ್ಕದಲ್ಲಿ ನಿಂತು ಒಂದೊಂದು ತೂತಿಗೂ ಕನ್ನಡದಲ್ಲಿ ಬೈದರು. ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತಿಗೆ ಬೇರೆ ಡ್ರೈವರ್ ಆಗಿದ್ದರೆ ಹೊರಟುಹೋಗುತ್ತಿದ್ದ. ಈತ ಸತ್ಕಾರಕ್ಕೆ ಕಟ್ಟುಬಿದ್ದು, ಹಾರ ತೆಗೆಯದೆ ಮೂರು ತಟ್ಟೆ ಅವಲಕ್ಕಿ ಮುಗಿಸಿದ. ಮಾಲು ಹೋಯಿತು. ಕಳಿಸುವ ಮೊದಲು ಸಾಹೇಬರು ಅಳತೆಯ ಗೇಜು ಹಾಕಿ ನೋಡಿದ್ದರು. ಆರೂ ಬಿಲ್ಲೆಗಳ ತೂತು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುಂದಿನ ತಿಂಗಳು ನಾನು ಕಾಯಂ ಆದೆ.

ಈಗ ಕಾಕಾ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ನಿಧಾನವಾಗಿ, ಬಿಡಿಸಿ, ಎರಡೆರಡು ಸಲ ಹೇಳುತ್ತಾರೆ. ಆದರೂ ನನ್ನ ತಪ್ಪುಗಳು ಒಂದೂ ಕಡಿಮೆಯಾಗಿಲ್ಲ. ಮೊದಲಾದರೆ ಮರಾಠಿಯ ಮೇಲೆ ಹಾಕಿ ಪಾರಾಗುತ್ತಿದ್ದೆ.