ಹೋಗುವವರು ಇಬ್ಬರು, ಬರುವವನು ಒಬ್ಬ

೧೯೮೨ನೇ ಇಸವಿ, ಆಗಸ್ಟ್ ಎಂಟು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಇಷ್ಟು ಬರೆಯದಿದ್ದರೆ ನನಗೆ ಮುಂದಿನ ಅಕ್ಷರ ಮೂಡುವುದಿಲ್ಲ. ಹೈಸ್ಕೂಲಿನಲ್ಲಿ ಅಂಟಿದ ಚಟ. ಕೆಲವರು ನಶ್ಯ ಏರಿಸುತ್ತಾರೆ, ನಾನು ತಾರೀಖು ಹಾಕುತ್ತೇನೆ. ಕುಣಿಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾದ ಮೇಲೆ ಈ ಚಟಕ್ಕೆ ಸಂಬಳವೂ ಬರತೊಡಗಿತು. ಕೆರೆ ಏರಿಯ ಮೇಲೆ ಎಷ್ಟು ಹೆಜ್ಜೆ ನಡೆದೆ, ಗುಬ್ಬಿಯ ಬಸ್ಸು ಎಷ್ಟು ನಿಮಿಷ ತಡವಾಯಿತು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಜಾಗವುಂಟು. ಒಂದೇ ಒಂದು ನಿಯಮ: ತಾರೀಖು ಗೊತ್ತಿಲ್ಲದ ಸಂಗತಿಯನ್ನು ಬರೆಯಕೂಡದು. ಈ ನಿಯಮದ ದೆಸೆಯಿಂದ ಕಳೆದ ಭಾನುವಾರ ಚೇಳೂರಿನ ಹತ್ತಿರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರೂವರೆಯವರೆಗೂ ಒಲೆ ಉರಿಯಲಿಲ್ಲ.

ವಿಷಯವೇನೆಂದರೆ, ನಮ್ಮ ಅಪ್ಪನ ಹೃದಯದ ಕವಾಟವೊಂದು ಕೆಟ್ಟಿದೆ. ಇದನ್ನು ಡಾಕ್ಟರಿಗಿಂತ ಮೊದಲು ಕಂಡುಹಿಡಿದದ್ದು ನನ್ನ ಡೈರಿ ಎಂದು ನಾನು ಸ್ವಲ್ಪ ಜಂಬ ಪಟ್ಟದ್ದುಂಟು. ಅಪ್ಪ ತೋಟದಲ್ಲಿ ಎಷ್ಟು ತೆಂಗಿನ ಮರ ದಾಟಿ ಕೂರುತ್ತಾರೆ ಎಂದು ಊರಿಗೆ ಹೋದಾಗಲೆಲ್ಲ ಬರೆದುಕೊಳ್ಳುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ನಲವತ್ತು, ಯುಗಾದಿಗೆ ಇಪ್ಪತ್ತಾರು, ಜುಲೈನಲ್ಲಿ ಹನ್ನೊಂದು. ಆ ಹನ್ನೊಂದನ್ನು ಬರೆದ ದಿನ ಜಂಬ ಇಳಿಯಿತು. ತುಮಕೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು, ಕವಾಟ ಬದಲಾಯಿಸಲೇಬೇಕು, ಇಂಥ ತೊಡಕಿನ ಕೇಸನ್ನು ಲಂಡನ್ನಿನಲ್ಲಿ ಧೈರ್ಯವಾಗಿ ಮಾಡುತ್ತಾರೆ ಎಂದು ಅಲ್ಲಿನ ಆಸ್ಪತ್ರೆಗೆ ತಾವೇ ಕಾಗದ ಬರೆದುಕೊಟ್ಟರು. ಫೀಸು ಕೂಡ ತೆಗೆದುಕೊಳ್ಳಲಿಲ್ಲ. ತುಮಕೂರಿನಲ್ಲಿ ನನಗೆಂದು ಕೊಂಡಿದ್ದ ಸೈಟನ್ನು ಮಾರಿದೆವು. ನನ್ನ ರಜೆಯ ಅರ್ಜಿಯನ್ನು ನಮ್ಮ ಮೇಲಧಿಕಾರಿ ಪೂರ್ತಿ ಓದದೆ ಸಹಿ ಮಾಡಿ, "ಹೋಗಿ ನಿಮ್ಮಪ್ಪನ್ನ ಕರ್ಕೊಂಡ್ ಬಾರಯ್ಯ, ಫೈಲ್‌ಗಳು ಎಲ್ಗೂ ಓಡೋಗಲ್ಲ" ಎಂದರು. ಅರ್ಜಿಯನ್ನು ಓದದೆ ಸಹಿ ಮಾಡುವುದನ್ನು ನಾನು ಸಾಮಾನ್ಯವಾಗಿ ಒಪ್ಪುವವನಲ್ಲ. ಅಂದು ಅವರ ಮೇಜಿನ ಮುಂದೆ ಕಣ್ಣು ಒರೆಸಿಕೊಂಡೆ.

ವಿದೇಶಿ ಹಣಕ್ಕೆ ಅಪ್ಪಣೆ ಕೇಳುವ ಅರ್ಜಿಯ ಜೊತೆ ಖರ್ಚಿನ ಅಂದಾಜು ಪಟ್ಟಿಯನ್ನೂ ಇಡಬೇಕಿತ್ತು. ಇದು ನನ್ನ ಜೀವಮಾನದ ಕೆಲಸ ಎನ್ನಿಸಿತು. ನಾಲ್ಕು ಹಾಳೆ, ಕೆಂಪು ಶಾಯಿಯ ಗೆರೆ. ಆಪರೇಷನ್ನು, ಕೋಣೆ, ಉಣ್ಣೆಯ ಕೋಟು, ಅಪ್ಪನಿಗೆ ಮುದ್ದೆಯಿಲ್ಲದೆ ಊಟ ಇಳಿಯದ್ದರಿಂದ ಆರು ಕೆ.ಜಿ. ರಾಗಿ ಹಿಟ್ಟು, ಎಲ್ಲಕ್ಕೂ ಎದುರಿಗೆ ತಾರೀಖು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಅಪ್ಪ, ಅಮ್ಮ ಇಬ್ಬರಿಗೂ ಓದಿ ಹೇಳಿದೆ. ಕೊನೆಯ ಹಾಳೆ ಮುಗಿದಾಗ ಅಪ್ಪ ಕೈ ಚಾಚಿ ಅದನ್ನು ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು.

"ಇದೇನ್ಲಾ, ಹೋಗೋಕೆ ಎರಡು ಟಿಕೆಟ್ಟು, ಬರೋಕೆ ಒಂದೇ? ನನ್ನ ಅಲ್ಲೇ ಬುಟ್ಟು ಬರ್ತೀಯಾ?"

"ಹಂಗಲ್ಲಪ್ಪ. ನನ್ನ ರಜೆ ನವೆಂಬರ್ ಇಪ್ಪತ್ತಕ್ಕೆ ಮುಗಿಯುತ್ತೆ, ಹದಿನೆಂಟಕ್ಕೆ ವಿಮಾನ. ನೀವು ಯಾವಾಗ ಬರಬೋದು ಅಂತ ಡಾಕ್ಟ್ರನ್ನ ಮೂರು ಸಲ ಕೇಳ್ದೆ. ನೋಡೋಣ ಅಂದ್ರು. ನೋಡೋಣ ಅನ್ನೋದನ್ನ ಯಾವ ತಾರೀಖಿಗೆ ಬರೀಲಿ?"

ಅಪ್ಪ ನಕ್ಕರು, ಉಸಿರು ಸಿಕ್ಕಿಕೊಳ್ಳುವಷ್ಟು. ಅಮ್ಮ ನಗಲಿಲ್ಲ. "ಸಂತೆಗೆ ಹೊರಟ್ರೂ ಹೋಗ್ತೀನಿ ಅನ್ನೋಕೆ ಬುಡಲ್ಲ ನಾನು, ಹೋಗ್ಬರ್ತೀನಿ ಅನ್ನು ಅಂತೀನಿ. ನೀನು ಗೆರೆ ಎಳ್ದು ಬರ್ದೇ ಬುಟ್ಟಿದೀಯಲ್ಲೋ" ಎಂದು ಒಳಗೆ ಹೋದರು. ಆಮೇಲೆ ಅಡುಗೆಮನೆಯಿಂದ ಒಂದು ಪಾತ್ರೆಯ ಸದ್ದೂ ಇಲ್ಲ. ನಾನು ಅಪ್ಪ ಬರುವ ಟಿಕೆಟ್ಟನ್ನೂ ಸೇರಿಸಿ ಕೂಡಿ ನೋಡಿದೆ. ಐದು ಸಾವಿರದ ಚಿಲ್ಲರೆ ಕಡಮೆ ಬಿತ್ತು. ಮಾರಲು ಇನ್ನೊಂದು ಸೈಟು ಇರಲಿಲ್ಲ.

ಮೂರು ಗಂಟೆಗೆ ಗುಬ್ಬಿಯ ರಹಮತ್ ಸಾಬರು ಅಪ್ಪನನ್ನು ನೋಡಲು ಬಂದರು. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಕೊಬ್ಬರಿ ಕೊಳ್ಳುತ್ತಿರುವವರು. ಅಪ್ಪ ನಗುತ್ತಲೇ ಪಟ್ಟಿಯನ್ನು ಅವರ ಕೈಗೆ ಕೊಟ್ಟರು. ಸಾಬರು ಓದಿ, ನನ್ನನ್ನು ಒಂದು ಸಲ ನೋಡಿ, ಅಟ್ಟ ಹತ್ತಿದರು. ಅಲ್ಲಿ ಒಣಗಲು ಹಾಕಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುವುದು ಕೇಳುತ್ತಿತ್ತು. ಇಳಿದು ಬಂದು ಟೋಪಿಯ ಧೂಳು ಕೊಡವಿದರು.

"ಒಳಗೆ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ ಗೌಡ್ರೆ. ಕಾರ್ತೀಕಕ್ಕೆ ರೆಡಿ ಆಗುತ್ತೆ. ನಾಳೆ ಮುಂಗಡ ಕಳಿಸ್ತೀನಿ, ಟಿಕೆಟ್‌ಗೆ ಸಾಕು. ಒಂದ್ ಮಾತು, ತೂಕ ಹಾಕೋವಾಗ ನೀವೇ ಮುಂದೆ ನಿಂತಿರ್ಬೇಕು. ಇವನ ಹತ್ರ ವ್ಯಾಪಾರ ನನ್ ಕೈಲಾಗಲ್ಲ. ಒಂದೊಂದ್ ಕೊಬ್ಬರಿಗೂ ಟೈಮ್ ಬರ್ಕೊಂಡು ಕೂತ್ರೆ ನಾನು ಗುಬ್ಬಿ ಸೇರೋದ್ಯಾವಾಗ?"

ಅಪ್ಪ ತಲೆಯೆತ್ತಿ ಅಟ್ಟದ ಕಡೆ ನೋಡಿದರು. ಆಮೇಲೆ ಅಂದರು, "ಕಾರ್ತೀಕದ ಮೊದಲ್ನೇ ಸೋಮವಾರ ಬನ್ನಿ. ನಿಂತಿರ್ತೀನಿ." ನನ್ನ ಕಡೆ ತಿರುಗಿ, "ಬರ್ಕೊಳ್ಳಲಾ" ಎಂದರು. ಕ್ಯಾಲೆಂಡರ್ ನೋಡಿದೆ. ನವೆಂಬರ್ ಇಪ್ಪತ್ತೆರಡು. ಹಾಗಾದರೆ ಅಪ್ಪ ಹದಿನೆಂಟನೇ ತಾರೀಖು ನನ್ನ ಜೊತೆಯಲ್ಲೇ ವಿಮಾನ ಹತ್ತಬೇಕು. ಬರೆದೆ. ಒಳಗೆ ಅಮ್ಮ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಸಾಬರಿಗೂ ಸೇರಿಸಿ ಅಂದು ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿ ಊಟ. ಅಪ್ಪ ಒಂದು ಮುದ್ದೆ ಪೂರ್ತಿ ಉಂಡರು.

ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಹೊರಡುತ್ತೇವೆ. ಲಂಡನ್ನಿಗೆ ಹೋಗಿಬಂದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ರಾಗಿ ಹಿಟ್ಟನ್ನು ಅಲ್ಲಿ ಒಳಗೆ ಬಿಡುತ್ತಾರೆಯೇ? ಆಸ್ಪತ್ರೆಯ ಹತ್ತಿರ ಮುದ್ದೆ ತಿರುವಲು ಒಲೆಯಿರುವ ಕೋಣೆ ಸಿಗುತ್ತದೆಯೇ? ಇನ್ನೊಂದು ವಿಷಯ. ಬರುವ ಟಿಕೆಟ್ಟನ್ನು ತಾರೀಖು ಹಾಕಿಸದೆಯೂ ಕೊಳ್ಳಬಹುದು, ದಿನವನ್ನು ಆಮೇಲೆ ಗೊತ್ತುಮಾಡಿಕೊಂಡರಾಯಿತು ಎಂದು ನಿನ್ನೆ ಬಸ್ಸಿನಲ್ಲಿ ಒಬ್ಬರು ಹೇಳಿದರು. ಇದು ನಿಜವಾದರೆ ನನಗೆ ಮಾತ್ರ ಗುಟ್ಟಾಗಿ ತಿಳಿಸಿ. ಅಪ್ಪನ ಕಿವಿಗೆ ಬೀಳುವುದು ಬೇಡ. ತಾರೀಖು ಹಾಕದ ಟಿಕೆಟ್ಟನ್ನು ಅವರು ಈಗ ಮುಟ್ಟುವುದಿಲ್ಲ. ನಾನಂತೂ, ಮೊದಲನೇ ಸಲ, ತಾರೀಖಿನ ಜಾಗವನ್ನು ಎಷ್ಟು ದಿನ ಬೇಕಾದರೂ ಖಾಲಿ ಬಿಡಲು ತಯಾರಿದ್ದೇನೆ.