ಕಾಕಾನ ಮೂರೂವರೆ ದ್ವೀಪಗಳು

ನಮ್ಮ ಕಾಕಾನ ಬಳಿ ಮೂರು ರಾಜ್ಯಗಳಿದ್ದವು. ತೂತಿಲ್ಲದ ಕೊಡೆ ಒಂದೂ ಇರಲಿಲ್ಲ. ನಗುವುದಾದರೆ ನಗಿ, ಅಡ್ಡಿಯಿಲ್ಲ. ನಿಜಾಮರಿಗೆ ಇದ್ದದ್ದು ಒಂದೇ ರಾಜ್ಯ ಎಂಬುದನ್ನು ಮಾತ್ರ ಮರೆಯಬೇಡಿ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ದೇವದುರ್ಗದ ಮೋಜಣಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ. ವಾರವೆಲ್ಲ ಹೊಲಗಳ ಮೇಲೆ ಸರಪಳಿ ಎಳೆದು, ಯಾರ ಬದು ಯಾರ ಕಡೆಗೆ ಎರಡು ಗೇಣು ಸರಿದಿದೆ ಎಂದು ಅಳೆಯುವುದು. ರಜೆ ಸಿಕ್ಕೊಡನೆ ಬಸ್ಸು ಹತ್ತಿ ರಾಯಚೂರಿನ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಬೋರಲು ಮಲಗಿ, ಸಮುದ್ರ ಬರೆಯುವುದು. ಯುದ್ಧದ ದೆಸೆಯಿಂದ ಕಾಗದ ಸಿಗದ ಕಾಲ ಅದು. ಕಚೇರಿಯಲ್ಲಿ ಕೆಟ್ಟುಹೋದ ನಕಾಶೆಗಳ ಹಿಂಬದಿಯೇ ಅವನ ಸಮುದ್ರ. ಮುಂಬದಿಯಲ್ಲಿ ಅರಕೇರಾದ ಜೋಳದ ಹೊಲ, ಹಿಂಬದಿಯಲ್ಲಿ ತಿಮಿಂಗಿಲ! ನಿಜವಾದ ಸಮುದ್ರವನ್ನು ಅವನು ಕಂಡಿರಲಿಲ್ಲ. ಕಂಡದ್ದು ತುಂಬಿ ಹರಿಯುವ ಕೃಷ್ಣೆಯನ್ನು. ಅದನ್ನೇ ನಾಲ್ಕು ದಿಕ್ಕಿಗೂ ಹಿಗ್ಗಿಸಿ, ನೀಲಿ ಮಸಿ ಬಳಿದು, ನಡುವೆ ಮೂರು ದ್ವೀಪಗಳನ್ನು ನೆಟ್ಟಿದ್ದ.

ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: "ಮೂರು ರಾಜ್ಯದ ಕಾರಭಾರ ನೋಡಾಕತ್ತೀನಿ, ಪುರಸತ್ತೆಲ್ಲದ?"

ಮೊದಲನೆಯ ದ್ವೀಪ ಮಡಿಮಂಡಲ. ಅಲ್ಲಿನ ಪ್ರಜೆಗಳು ಹುಟ್ಟಿದಂದಿನಿಂದ ಒದ್ದೆ ಬಟ್ಟೆಯಲ್ಲೇ ಇರುತ್ತಾರೆ. ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಹಾಗಿದ್ದರೆ ಅಲ್ಲಿ ಜನ ಹೆಚ್ಚಿದ್ದು ಹೇಗೆ? ನಾನು ಕೇಳಲಿಲ್ಲ, ಕಾಕಾ ಹೇಳಲಿಲ್ಲ. ರಣರಂಗದಲ್ಲಿ ಶತ್ರುವಿನ ಕೈ ತಾಗಿತೋ, ಇಡೀ ಸೈನ್ಯ ಸ್ನಾನಕ್ಕೆ ವಾಪಸ್ಸು. ಹೀಗಾಗಿ ಆ ದೇಶ ಒಂದು ಯುದ್ಧವನ್ನೂ ಸೋತಿಲ್ಲ. ಒಂದನ್ನೂ ಮುಗಿಸಿಯೂ ಇಲ್ಲ. ನಕಾಶೆಯ ಮೂಲೆಯಲ್ಲಿ ಅದರ ರಾಣಿಯ ಚಿತ್ರವಿತ್ತು. ನಮ್ಮ ಅಜ್ಜಿ ಒಂದು ದಿನ ಮಾರುದೂರದಿಂದಲೇ ಬಗ್ಗಿ ನೋಡಿದಳು.

"ಈ ಮುದುಕಿ ಯಾರೋ?"

"ಮಡಿಮಂಡಲದ ರಾಣಿ, ಯವ್ವಾ."

"ಮೂಗು ನಂದಿದ್ದಂಗ ಅದಲ್ಲೋ!"

"ರಾಣ್ಯಾರ ಮೂಗೆಲ್ಲಾ ಹಂಗ ಇರ್ತಾವ."

ಅಜ್ಜಿಗೆ ಪರಮ ಸಂತೋಷವಾಯಿತು. ಅಂದು ಊಟದಲ್ಲಿ ಕಾಕಾನ ಎಲೆಗೆ ಒಂದು ಹೋಳಿಗೆ ಹೆಚ್ಚು ಬಿತ್ತು. ಮೇಲಿನಿಂದ, ತಾಗದ ಹಾಗೆ.

ಎರಡನೆಯದು ವ್ಯಾಜ್ಯಪುರ. ಅಲ್ಲಿ ದಾವೆ ಹೂಡದವನಿಗೆ ಹೆಣ್ಣು ಕೊಡುವುದಿಲ್ಲ. ಸಮುದ್ರದ ನೀರು ದಿನಕ್ಕೆರಡು ಸಲ ದಡ ಏರಿ ಗಡಿಕಲ್ಲು ಮುಚ್ಚುತ್ತದೆಂದು ಆ ಜನ ಸಮುದ್ರದ ಮೇಲೆಯೇ ದಾವೆ ಹಾಕಿದ್ದರು. ನಾಲ್ಕು ತಲೆಮಾರು ಕಳೆದರೂ ಪ್ರತಿವಾದಿ ಹಾಜರಾಗಿಲ್ಲ. ವಕೀಲರು ಮಾತ್ರ ವಾಯಿದೆಯ ಮೇಲೆ ವಾಯಿದೆ ಪಡೆದು ಮಹಡಿಯ ಮೇಲೆ ಮಹಡಿ ಕಟ್ಟಿದ್ದಾರೆ. ನನ್ನ ತಂದೆ ರಾಯಚೂರಿನಲ್ಲಿ ವಕೀಲರು. ಅವರು ಈ ದ್ವೀಪವನ್ನು ನೋಡಿ ನಗಲಿಲ್ಲ.

ಮೂರನೆಯದು ಮೊಹರುನಾಡು, ಸರಕಾರಿ ನೌಕರರ ದೇಶ. ಅಲ್ಲಿ ಕಾಗದಕ್ಕೆ ಮೊಹರು ಬೀಳದೆ ಯಾರೂ ಸಾಯುವಂತಿಲ್ಲ. ಸತ್ತು ಮೂರು ದಿನವಾದವರು ಕಚೇರಿಯ ಬಾಕಿನ ಮೇಲೆ ಸಾಲಾಗಿ ಕೂತು, ಸಾಹೇಬರು ಊಟ ಮುಗಿಸಿ ಬರಲೆಂದು ಕಾಯುತ್ತಿರುತ್ತಾರೆ. ಇದನ್ನು ಕಾಕಾ ಕಚೇರಿಯ ಹಾಳೆಯ ಮೇಲೆ, ಕಚೇರಿಯ ಮಸಿಯಲ್ಲಿ, ಕಚೇರಿಯ ಲೇಖನಿಯಿಂದಲೇ ಬರೆದದ್ದು!

ಕೆಲಸಕ್ಕೆ ಹೋದಲ್ಲೂ ಈ ರಾಜ್ಯಗಳು ಅವನ ಜೊತೆಗಿರುತ್ತಿದ್ದವು. ಮಸರಕಲ್ಲಿನಲ್ಲಿ ಅಣ್ಣತಮ್ಮಂದಿರಿಬ್ಬರು ಬದುವಿನ ಬೇವಿನ ಮರಕ್ಕಾಗಿ ಕೊಡಲಿ ಹಿಡಿದು ನಿಂತಿದ್ದರಂತೆ. ಕಾಕಾ ಸರಪಳಿ ಕೆಳಗಿಟ್ಟು, "ವ್ಯಾಜ್ಯಪುರದಾಗ ಹಿಂಗ ಆಗಿತ್ತು. ಮರಾನ ನಟ್ಟನಡು ಉದ್ದಕ ಸೀಳಿ ಹಂಚಿದ್ರು. ಈಗ ಇಬ್ರಿಗೂ ನೆಳ್ಳಿಲ್ಲ" ಎಂದನಂತೆ.

ದೊಡ್ಡವನು ಕೇಳಿದನಂತೆ: "ಎಲ್ಲೈತ್ರೀ ಆ ಊರು?"

"ನೀವು ಹಿಂಗ ನಿಂತ್ರ ಇಲ್ಲೇ ಆಗ್ತದ."

ನನಗಿದ್ದ ದೂರು ಒಂದೇ. ಮನೆಯಲ್ಲಿ ಎಲ್ಲರಿಗೂ ಒಂದೊಂದು ದೇಶವಿತ್ತು, ನನಗಿರಲಿಲ್ಲ. ಮೂರು ದ್ವೀಪಗಳಿಂದ ದೂರದಲ್ಲಿ ಅರ್ಧ ಬರೆದು ಬಿಟ್ಟ ಒಂದು ದಡವಿತ್ತು. "ಇದು ಯಾರದು?" ಎಂದರೆ, "ನಿಂದು. ಇನ್ನೂ ಮೋಜಣಿ ಆಗಿಲ್ಲ" ಎನ್ನುತ್ತಿದ್ದ. ಹತ್ತನೆಯ ವಯಸ್ಸಿನಲ್ಲಿ ಕೇಳಿದಾಗಲೂ ಅದೇ ಮಾತು, ಹದಿನಾರರಲ್ಲೂ ಅದೇ. ಸರಕಾರಿ ನೌಕರನಲ್ಲವೇ!

ಅಷ್ಟರಲ್ಲಿ ನಾನು ಮೆಟ್ರಿಕ್ ಮುಗಿಸಿದ್ದೆ. ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿಗೆ ಹೋಗಬೇಕೆಂಬುದೊಂದೇ ನನ್ನ ಆಸೆ. ಒಮ್ಮೆ ಬಾಯಿಬಿಟ್ಟು ಹೇಳಿದ್ದೆ. ಎರಡನೆಯ ಸಲ ಹೇಳುವುದು ನನ್ನ ಸ್ವಭಾವವಲ್ಲ. ತಂದೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೋಡೋಣ" ಎಂದರು. ವಕೀಲರ ವಾಯಿದೆ! ನೋಡೋಣವೆಂದವರು ನೋಡಿದ್ದು ವರನನ್ನು. ಮಾನ್ವಿಯಿಂದ ಗಂಡಿನವರು ಬರುವುದೆಂದಾಯಿತು. ಈ ಸಂಬಂಧ ಕೂಡಿದರೆ ಕಾಲೇಜು ಅಲ್ಲಿಗೆ ಮುಗಿಯಿತು.

ಅವರು ಬಂದ ದಿನ ಕಾಕಾನೂ ಮನೆಯಲ್ಲಿದ್ದ. ಪಡಸಾಲೆಯಲ್ಲಿ ಅವನ ನಕಾಶೆ ಹರಡಿಕೊಂಡಿತ್ತು. ವರನ ತಂದೆ ಕಂದಾಯ ಕಚೇರಿಯಿಂದ ನಿವೃತ್ತರು. ನಕಾಶೆ ಕಂಡರೆ ಕಣ್ಣು ತಾನಾಗಿ ಓಡುತ್ತಿತ್ತು. ಕಾಕಾನೋ, ದ್ವೀಪಗಳ ಹೊಲಗಳಿಗೂ ಮೋಜಣಿ ನಂಬರು ಕೊಟ್ಟಿದ್ದ, ಉರ್ದುವಿನಲ್ಲಿ ಠೀವಿಯಿಂದ 'ಇನಾಮು ಜಮೀನು' ಎಂದು ಬರೆದಿದ್ದ.

"ಯಾವ ತಾಲೂಕಿಂದ್ರೀ ಇದು?"

"ತಾಲೂಕಲ್ರೀ, ನಡುಗಡ್ಡಿ."

"ಕೃಷ್ಣಾದಾಗಿನದು?"

"ಕೃಷ್ಣಾನೇ ರೀ. ಸ್ವಲ್ಪ ಹಿಗ್ಗಿಸೀನಿ."

"ಯಾರ ಹೆಸರಿಲೆ ಅದ?"

"ಮೂರೂ ನನ್ನ ಹೆಸರಿಲೆ."

"ನಿಮಗ ಮಕ್ಕಳು?"

"ಇಲ್ರೀ."

ಇದರಲ್ಲಿ ಸುಳ್ಳು ಯಾವುದು, ಹೇಳಿ? ನಾನು ಅವಲಕ್ಕಿಯ ತಟ್ಟೆ ಹಿಡಿದು ನಿಂತೇ ಇದ್ದೆ. ಅವರು ನನ್ನ ಕಡೆ ಒಮ್ಮೆಯೂ ನೋಡದೆ ತಂದೆಗೆ ಹೇಳಿದರು: "ಹುಡುಗಿ ಭಾಳ ಮನಸಿಗಿ ಬಂದಾಳ್ರೀ! ನಾವು ಬ್ಯಾರೆ ಏನೂ ಕೇಳಾಂಗಿಲ್ಲ. ಆ ದೊಡ್ಡ ನಡುಗಡ್ಡಿ ಹುಡುಗನ ಹೆಸರಿಗಿ ಮಾಡಿಸಿಬಿಡ್ರಿ."

ತಂದೆ ಬಾಯಿ ತೆರೆಯುವ ಮೊದಲೇ ಕಾಕಾ ಗಂಭೀರವಾಗಿ, "ಕೊಡ್ತಿದ್ನಿ ರೀ. ಆದರ ಅಲ್ಲಿ ಹತ್ತು ವರ್ಷದಿಂದ ಯುದ್ಧ ನಡದದ" ಎಂದ.

"ಯಾರ ಜೋಡಿ?"

"ಮೊಹರುನಾಡಿನವರ ಜೋಡಿ."

"ಅದೆಲ್ಲದ?"

ಕಾಕಾ ಬೆರಳಿನಿಂದ ತನ್ನ ತಲೆಯನ್ನು ಮುಟ್ಟಿ ತೋರಿಸಿದ. "ಇಲ್ಲದ ರೀ."

ತಲೆಕೆಟ್ಟವರ ಮನೆಯ ಹೆಣ್ಣು ಬೇಡವೆಂದು ಮಾನ್ವಿಯವರು ಎದ್ದರು. ಅವಲಕ್ಕಿಯನ್ನು ಮಾತ್ರ ಬಿಟ್ಟುಹೋಗಲಿಲ್ಲ.

ತಂದೆ ಅಷ್ಟು ಕೂಗಿದ್ದನ್ನು ನಾನು ಕೋರ್ಟಿನ ವಿಷಯದಲ್ಲೂ ಕೇಳಿರಲಿಲ್ಲ. "ಸಾಕಾತು ನಿನ್ನ ಹುಚ್ಚು! ಆ ಹಾಳಿ ಸುಟ್ಟು ಬೂದಿ ಮಾಡೋತನಕ ಈ ಮನಿ ಮೆಟ್ಟಿಲು ಹತ್ತಬ್ಯಾಡ!"

ಕಾಕಾ ಹಾಳೆಗಳನ್ನು ಒಂದೊಂದಾಗಿ ಸುತ್ತಿದ. ಆಮೇಲೆ, "ಸುಡ್ತೀನಿ ಅಣ್ಣಾ. ಆದರ ಇದು ಸಂಧಾನ. ನಾ ಮೂರು ರಾಜ್ಯ ಬಿಡ್ತೀನಿ. ನೀ ಹುಡುಗೀನ್ನ ಹೈದರಾಬಾದಿಗಿ ಬಿಡು" ಎಂದ.

ತಂದೆ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಆಗಲಿ" ಎಂದರು. ಈ ಸಲ ವಾಯಿದೆ ಕೇಳಲಿಲ್ಲ. ಸುಡಬೇಡ ಎಂದು ನಾನಾದರೂ ಹೇಳಬೇಕಿತ್ತು.

ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಮೂರು ರಾಜ್ಯಗಳೂ ಬಿದ್ದವು. ಸಮುದ್ರ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು ಅಂದು ತಿಳಿಯಿತು. ಹಂಡೆಯ ನೀರು ಕಾಯಿತು. ಮಡಿಮಂಡಲದ ರಾಣಿ ತನ್ನ ರಾಜ್ಯದ ಬಿಸಿಯಲ್ಲೇ ಮಿಂದು, "ಇವತ್ತು ನೀರು ಛಲೋ ಕಾದಾವ" ಎಂದಳು!

ನಾನು ಹೈದರಾಬಾದಿಗೆ ಹೊರಟ ದಿನ ಕಾಕಾ ರಾಯಚೂರು ಸ್ಟೇಷನ್ನಿಗೆ ಬಂದ. ಕಿಟಕಿಯಿಂದ ಮಡಚಿದ ಕಾಗದವೊಂದನ್ನು ಕೊಟ್ಟು, "ವಾಡಿ ದಾಟಿದ ಮ್ಯಾಲ ತಗಿ" ಎಂದ. ತೂತು ಕೊಡೆಯನ್ನು ಬಗಲಲ್ಲಿಟ್ಟುಕೊಂಡು, ರೈಲು ಹೊರಡುವ ಮೊದಲೇ ಹೊರಟುಹೋದ.

ವಾಡಿ ದಾಟಿದ ಮೇಲೆ ಬಿಚ್ಚಿದೆ. ನೀಲಿ ಸಮುದ್ರ. ನಡುವೆ ಒಂದೇ ದ್ವೀಪ, ಈಗ ಅದರ ದಡ ಪೂರ್ತಿಯಾಗಿತ್ತು. ಒಳಗೆ ರಾಜನಿಲ್ಲ, ಜನರಿಲ್ಲ, ಒಂದು ಗಡಿಕಲ್ಲೂ ಇಲ್ಲ. ಮೂಲೆಯಲ್ಲಿ ಅವನ ಕಚೇರಿಯ ಅಕ್ಷರ: 'ಮೋಜಣಿ ಆಗಿಲ್ಲ. ಒಡತಿಯೇ ನಡೆದು ಅಳೆಯತಕ್ಕದ್ದು.'

ಇದು ಯಾರ ಹೊಲದ ಕೆಟ್ಟ ನಕಾಶೆಯೋ ನೋಡೋಣವೆಂದು ಹಾಳೆ ತಿರುಗಿಸಿದೆ. ಹಿಂಬದಿ ಬೆಳ್ಳಗಿತ್ತು. ಒಂದು ಗೆರೆಯೂ ಇರಲಿಲ್ಲ. ಕಾಕಾ ನನಗಾಗಿ ಹೊಸ ಹಾಳೆ ತಂದಿದ್ದ.